ಒಗೆಯುವ ಕಲ್ಲಿನ ಹುಳ

ಹಣಮಂತ್ರಾಯ ಮಾಸ್ತರರ ಹೆಂಡತಿ ದುರಗಮ್ಮ ಆ ಶನಿವಾರ ತವರಿಗೆ ಹೋಗದೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೋದವಳು ಗಂಡನ ಅಂಗಿಗಳನ್ನು ಒಗೆದಿಟ್ಟು ಹೋಗಿದ್ದರೂ ಇರುತ್ತಿರಲಿಲ್ಲ. ಆದರೆ ದೇವಾಪುರದಲ್ಲಿ ತಮ್ಮನ ಕೂಸಿನ ತೊಟ್ಟಿಲ ಕಾರ್ಯ, ದುರಗಮ್ಮನಿಗೆ ಬಸ್ಸಿನ ಅವಸರ. "ಎರಡ ಅಂಗಿ ಅದಾವು, ಒಗಕೋರಿ. ಕೈಯೇನು ಸವದು ಹೋಗಂಗಿಲ್ಲ" ಎಂದು ಹೇಳಿ ಬಸ್ಸು ಹತ್ತಿಬಿಟ್ಟಳು.

ಹೀಗಾಗಿ ಭಾನುವಾರ ಬೆಳಿಗ್ಗೆ, ಸುರಪುರದ ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ, ಹೈಸ್ಕೂಲಿನ ವಿಜ್ಞಾನ ಮಾಸ್ತರರು ಬಕೆಟ್ ನೀರು, ಅರ್ಧ ಸಬಕಾರ ಹಿಡಿದುಕೊಂಡು ಒಗೆಯುವ ಕಲ್ಲಿನ ಮುಂದೆ ಬಗ್ಗಿ ನಿಂತರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಆ ಕಲ್ಲನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು. ಗಂಡಸರಿಗೆ ತಮ್ಮ ಮನೆಯ ಹಿತ್ತಲೆಂದರೆ ಪರದೇಶ. ಅಲ್ಲಿ ಏನಿದೆ, ಏನಿಲ್ಲ ಎಂಬುದು ಹೆಂಡತಿ ಊರಿಗೆ ಹೋದಾಗಲೇ ಗೊತ್ತಾಗುವುದು.

ಬೇವಿನ ಮರದ ಸಂದಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಒಗೆಯುವ ಕಲ್ಲೆಂದರೆ ಮರಳುಗಲ್ಲಿನ ಅಗಲವಾದ ಹಾಸು. ನಾಲ್ಕು ಗುಂಡುಕಲ್ಲುಗಳ ಮೇಲೆ ಕೂತಿತ್ತು. ಮೈಮೇಲೆಲ್ಲ ಕೆರೆಯ ನೀರಿನ ಅಲೆಗಳಂಥ ಏರು ತಗ್ಗು. ಆ ತಗ್ಗುಗಳಲ್ಲಿ ಸಣ್ಣಗೆ, ಬಳುಕುತ್ತ, ತಿರುಗುತ್ತ, ಹುಳ ಹರಿದು ಹೋದ ಹಾಗೆ ಗೆರೆಗಳು. ಮಾಸ್ತರರ ಕೈಯಿಂದ ಸಬಕಾರ ಜಾರಿ ಬಚ್ಚಲಿಗೆ ಬಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಮಾಸ್ತರರು ಹೀಗೇಕೆ ನಿಂತರು ಎನ್ನುವುದಕ್ಕೆ ಸ್ವಲ್ಪ ಹಿಂದಿನದನ್ನು ಹೇಳಬೇಕು. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಅವರದು ಭೂವಿಜ್ಞಾನ. ಕಲ್ಲು ಕಂಡರೆ ನೆಕ್ಕಿ ನೋಡುವಷ್ಟು ಹುಚ್ಚು. ಪ್ರಾಕ್ಟಿಕಲ್‌ನಲ್ಲಿ ಕ್ಲಾಸಿಗೇ ಮೊದಲಿಗರು. ಮುಂದೆ ಎಂ.ಎಸ್ಸಿ., ಅದರ ಮುಂದೆ ಸಂಶೋಧನೆ ಎಂದು ಕನಸು ಕಟ್ಟಿದ್ದರು. ಅಷ್ಟರಲ್ಲಿ ಸೋದರಮಾವ ಬಂದು, "ಕಲ್ಲು ಓದಿ ಏನ್ ಮಾಡ್ತಿ? ಮಾಸ್ತರಿಕಿ ಹಿಡಿ, ಅನ್ನ ಸಿಗ್ತದ" ಎಂದ. ಹಿಡಿದರು, ಅನ್ನವೂ ಸಿಕ್ಕಿತು. ಆದರೆ ಪ್ರತಿ ವರ್ಷ 'ಪಳೆಯುಳಿಕೆಗಳು' ಎಂಬ ಪಾಠವನ್ನು ಪುಸ್ತಕದ ಚಿತ್ರ ತೋರಿಸಿಯೇ ಮಾಡಬೇಕಾಗುತ್ತಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ, ಯಾರೂ ನೋಡದ್ದನ್ನು ತಾವು ನೋಡಬೇಕು. ತಿಳಿದವರೊಬ್ಬರು ಬಂದು 'ಹಣಮಂತ್ರಾಯ, ನೀವು ನೋಡಿದ್ದು ಖರೆ' ಅನ್ನಬೇಕು. ಇಷ್ಟೇ ಅವರ ಆಸೆ. ದೊಡ್ಡದೇನಲ್ಲ, ಆದರೆ ಇಂಥ ಸಣ್ಣ ಆಸೆಗಳೇ ಮನುಷ್ಯನನ್ನು ಹೆಚ್ಚು ಕಾಡುತ್ತವೆ.

ತಿಳಿದವರು ಎಂದರೆ ಅವರ ಕಣ್ಣಮುಂದೆ ಬರುತ್ತಿದ್ದದ್ದು ಫರ್ಹತ. ಅದೇ ಕ್ಲಾಸಿನ ಹುಡುಗಿ, ಪ್ರಾಕ್ಟಿಕಲ್‌ನಲ್ಲಿ ಯಾವಾಗಲೂ ಇವರ ಹಿಂದೆ ಎರಡನೆಯವಳು. ಆಕೆ ಓದನ್ನು ಬಿಡಲಿಲ್ಲ. ಈಗ ಕಲಬುರಗಿಯಲ್ಲಿ ಪ್ರೊಫೆಸರ್. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಆಕೆಯ ನಂಬರ್ ಇತ್ತು. ಮಾಸ್ತರರು ಕಲ್ಲಿನ ಫೋಟೋ ತೆಗೆದು ಕಳಿಸಿಯೇಬಿಟ್ಟರು.

ಒದ್ದೆ ಅಂಗಿ ಹಿಂಡುವಷ್ಟರಲ್ಲಿ ಫೋನ್ ಬಂತು.

"ಹಣಮಂತ್ರಾಯ, ಕಲ್ಲು ಎಲ್ಲಿದ್ರೀ ಇದು? ನಾ ಇಲ್ಲೇ ಯಾದಗಿರಿಗಿ ಸೆಮಿನಾರಿಗಿ ಬಂದೀನಿ. ಮಧ್ಯಾಹ್ನ ಲಿಂಗಸುಗೂರಿಗಿ ಹೊಂಟೀನಿ, ಸುರಪುರ ಮ್ಯಾಲೇ ಹಾಯಬೇಕು. ಬಂದು ನೋಡ್ತೀನಿ. ಈ ಕಡಿ ಕಲ್ಲು ಭಾಳ ಹಳೇವು, ಹುಳಾ ಹುಟ್ಟಾಕಿನ್ನ ಮೊದಲಿನವು ಅಂತ ವಾದ ಮಾಡೋರು ಅದಾರ. ಹುಳದ ಜಾಡು ಖರೆ ಅಂತಾದ್ರ ಭಾಳ ದೊಡ್ಡ ಮಾತು. ಅಲ್ಲೀತನ ಕಲ್ಲು ಹೆಂಗದ ಹಂಗ ಇರ್ಲಿ. ಯಾರೂ ಮುಟ್ಟಬಾರ್ದು ನೋಡ್ರಿ."

"ಯಾರೂ ಮುಟ್ಟಂಗಿಲ್ರಿ" ಎಂದು ಮಾಸ್ತರರು ಎದೆಯುಬ್ಬಿಸಿ ಹೇಳಿದರು. ಭಾನುವಾರದ ದಿನ ಒಗೆಯುವ ಕಲ್ಲನ್ನು ಯಾರೂ ಮುಟ್ಟದ ಹಾಗೆ ಕಾಯುವುದು ಎಷ್ಟು ಕಷ್ಟವೆಂಬುದು ಆ ಬಡಜೀವಕ್ಕೆ ಹೇಗೆ ಗೊತ್ತಾಗಬೇಕು?

ಮೊದಲು ಬಂದವರು ಮನೆಯೊಡತಿ ಜೈತುನಬೀ. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಒಗೆಯಬೇಕಾದ ಅರಬಿ. ಹಿತ್ತಲು ಎರಡೂ ಮನೆಗೆ ಒಂದೇ, ಕಲ್ಲು ಆಕೆಯದು. ಮಾಸ್ತರರು ಎರಡೂ ಕೈ ಚಾಚಿ ಅಡ್ಡ ನಿಂತರು.

"ಖಾಲಾ, ಇವತ್ತ ಒಂದಿನ ಇದರ ಮ್ಯಾಲ ಒಗೀಬ್ಯಾಡ್ರಿ."

"ಯಾಕಪ? ನನ್ನ ಕಲ್ಲಿನ ಮ್ಯಾಲ ನನಗ ಬ್ಯಾಡ ಅಂತೀಯಲ್ಲ."

"ಇದರಾಗ ಹುಳದ ಗುರ್ತು ಅದ."

"ಹುಳಾ? ನನ್ನ ಕಲ್ಲಿನ್ಯಾಗ?" ಜೈತುನಬೀ ಬುಟ್ಟಿ ಇಳಿಸಿದರು. ಮುಖ ಕೆಂಪಾಗಿತ್ತು. "ಮದಿವಿ ಆಗಿ ಬಂದಾಗಿಂದ ದಿನಾ ತೊಳದೀನಿ. ಇಡೀ ಓಣ್ಯಾಗ ನನ್ನಷ್ಟು ಸಾಫ್ ಇದ್ದಾಕಿ ಒಬ್ಬಾಕಿನ್ನ ತೋರಸು!"

"ಈಗಿನ ಹುಳ ಅಲ್ಲ ಖಾಲಾ. ಈ ಕಲ್ಲು ಒಂದಾನೊಂದು ಕಾಲಕ್ಕ ಸಮುದ್ರದ ದಂಡಿ ಮರಳು. ಅದರ ಮ್ಯಾಲ ಒಂದ ಹುಳ ಹರದು ಹೋಗ್ಯಾದ. ಹುಳ ಸತ್ತು ಮಣ್ಣಾಗ್ಯಾದ. ಅದು ಹೋದ ದಾರಿ ಅಷ್ಟ ಉಳದದ."

ಜೈತುನಬೀ ಬಗ್ಗಿ ಗೆರೆಗಳನ್ನು ನೋಡಿದರು. ಆ ಕಲ್ಲನ್ನು ತಂದು ಹಾಕಿದ್ದು ತೀರಿಹೋದ ಗಂಡ ಮಕ್ತುಮಸಾಬ. "ಮನಿಷ್ಯಾ ಹೋದ್ರ ನಾಕ ದಿನಕ್ಕ ಮರೀತಾರ. ಹುಳದ ನಸೀಬ ನೋಡಪ" ಎಂದು ನಿಟ್ಟುಸಿರು ಬಿಟ್ಟರು. ಮಾಸ್ತರರು ಆವರೆಗೆ ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದರು. ತಮ್ಮದೂ ಒಂದು ಗೆರೆ ಎಲ್ಲಾದರೂ ಉಳಿದಿದೆಯೇ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಆದರೆ ಯೋಚನೆಗೆ ಪುರುಸೊತ್ತು ಎಲ್ಲಿದೆ? ಪಕ್ಕದ ಮನೆಯ ಮಾಳಮ್ಮ ಗೋಡೆಯ ಆಚೆ ನಿಂತು ಅರ್ಧ ಮಾತು ಕೇಳಿಸಿಕೊಂಡಿದ್ದಳು. ಭಾನುವಾರ ಆಕೆಯ ಮಕ್ಕಳ ಯೂನಿಫಾರಂ ಒಗೆಯುವುದೂ ಇದೇ ಕಲ್ಲಿನ ಮೇಲೆ. ಹುಳವೆಂದರೆ ಆಕೆಗೆ ಹುಳವೇ. ಹಳೆಯದೋ ಹೊಸದೋ ಯಾರು ಕೇಳುತ್ತಾರೆ? ತಂಬಿಗೆಯ ಕುದಿಯುವ ನೀರಿಗೆ ಅರ್ಧ ಬಾಟಲಿ ಫಿನೈಲ್ ಸುರಿದುಕೊಂಡು ಬಂದೇ ಬಂದಳು.

"ಸರೀರಿ ಮಾಸ್ತರ್ರ! ಒಂದ ಹುಳಾ ಉಳಿಯಂಗಿಲ್ಲ!"

ಮಾಸ್ತರರು ಹಾರಿ ಕಲ್ಲಿನ ಮೇಲೆ ಬೋರಲು ಬಿದ್ದರು. ತಂಬಿಗೆಯ ಮೊದಲ ಸುರುವು ಅವರ ಮೊಣಕಾಲಿಗೆ ಬಿತ್ತು. "ಅಯ್ಯಯ್ಯೋ!" ಎಂದು ಕೂಗಿದರೂ ಕಲ್ಲನ್ನು ಬಿಡಲಿಲ್ಲ. ಮಾಳಮ್ಮ ಗಾಬರಿಯಾಗಿ ತಂಬಿಗೆ ಅಲ್ಲೇ ಇಟ್ಟಳು. ಅಲ್ಲಿಂದ ಸಂಜೆಯವರೆಗೂ ಮಾಸ್ತರರು ಎಲ್ಲಿ ಹೋದರೂ ಅವರಿಗಿಂತ ಮೊದಲು ಆಸ್ಪತ್ರೆಯ ವಾಸನೆ ಹೋಗುತ್ತಿತ್ತು.

ಇಬ್ಬರಿಗೂ ತಿಳಿಹೇಳಿ ಮುಗಿಸುವ ಹೊತ್ತಿಗೆ ಮಾಸ್ತರರ ಬಾಯಿ ಒಣಗಿತು. ಕಲಬುರಗಿಯಿಂದ ಪ್ರೊಫೆಸರ್ ಬರುತ್ತಾರೆ, ಹೆಣ್ಣುಮಗಳು, ಹೆಸರು ಫರ್ಹತ ಎಂದದ್ದೇ ತಡ, ಜೈತುನಬೀಯ ಧಾಟಿ ಬದಲಾಯಿತು.

"ಯಾ ಅಲ್ಲಾ! ಅಷ್ಟ ದೊಡ್ಡ ಓದಿದಾಕಿ, ಕಾರ್ ತಗೊಂಡ ಬರ್ತಾಳ, ಆಕಿನ್ನ ನೀ ಬಚ್ಚಲದಾಗ ನಿಂದರಸ್ತಿ? ನನ್ನ ಇಜ್ಜತ್ ಏನಾಗಬೇಕು?"

"ಖಾಲಾ, ಕಲ್ಲು ಇದ್ದಲ್ಲೇ ಇರಬೇಕು..."

"ಇದ್ದಲ್ಲಿ ಇರಂಗಿಲ್ಲ. ಮುಂದಿನ ಅಂಗಳದಾಗ, ನೆರಳಿಗಿ ಇಡಸ್ತೀನಿ. ಆಕಿ ಕುರ್ಚಿ ಮ್ಯಾಲ ಕುಂತು ನೋಡ್ಲಿ. ಇಲ್ಲಂದ್ರ ಈಗ ಅರಬಿ ಒಗಿಯಾಕ ಚಾಲೂ ಮಾಡ್ತೀನಿ."

ಮಾಸ್ತರರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಜೈತುನಬೀಯ ಮಗ ಏಜಾಜ ಟಂಟಂ ಆಟೋ ಓಡಿಸುವವನು. ಚಹಾದಂಗಡಿಯ ಮುಂದೆ ಕೂತಿದ್ದ ತನ್ನ ದೋಸ್ತರನ್ನು ಕರೆತಂದ. ಕಲ್ಲಿಗೆ ಹಗ್ಗ ಹಾಕಿ, ಬಿದಿರು ತೂರಿಸಿ, "ಹೈಸಾ" ಎಂದು ಎತ್ತಿದರು. ಮಾಸ್ತರರು ಅದರ ಸುತ್ತ ಒಂದೇ ಸಮನೆ ಸುತ್ತುತ್ತ, "ಮ್ಯಾಲಿನ ಮಾರಿ ಜ್ವಾಕಿ! ಮಾರಿಗಿ ಹಗ್ಗ ತಾಗಬಾರ್ದು!" ಎಂದು ಕೂಗುತ್ತಿದ್ದರು. ಕೂಸು ಹೆತ್ತವಳಿಗಿಂತ ಸೂಲಗಿತ್ತಿಯ ಒದ್ದಾಟವೇ ಹೆಚ್ಚು ಎನ್ನುವ ಹಾಗಿತ್ತು. ಕಲ್ಲು ಗೋಡೆಗೆ ತಾಗದೆ, ಯಾರ ಕಾಲ ಮೇಲೂ ಬೀಳದೆ ಅಂಗಳಕ್ಕೆ ಬಂತು.

ಬಂದದ್ದೇನೋ ಸರಿ, ಕೂಡಲಿಲ್ಲ. ಇಟ್ಟಂಗಿಗಳನ್ನು ಜೋಡಿಸಿ ಅದರ ಮೇಲಿಟ್ಟರೆ ಈ ಕಡೆ ವಾಲಿತು. ಸರಿಸಿದರೆ ಆ ಕಡೆ ವಾಲಿತು. ಚಹಾದಂಗಡಿಯ ಗುಂಪಿನಲ್ಲಿ ಜೈಭೀಮ ಎಂಬ ಗೌಂಡಿಯೂ ಬಂದಿದ್ದ. ಗೋಡೆ ಕಟ್ಟುವುದು, ಹಾಸುಗಲ್ಲು ಕೂಡಿಸುವುದು ಅವನ ಕೆಲಸ. ಭಾನುವಾರವಾದರೂ ಕೈ ಸುಮ್ಮನೆ ಇರದ ಮನುಷ್ಯ. ಬಗ್ಗಿ ಕಲ್ಲಿನ ಅಡಿಗೆ ಕೈ ಹಾಕಿ ಸವರಿದ.

"ಸರ್, ಇದರ ಮಾರಿ ಚಲೋ ಅದ. ಬೆನ್ನs ಸರಿ ಇಲ್ಲ. ಭಾಳ ಉಬ್ಬು ತಗ್ಗು ಅದ. ಹಿಂಗ ಇಟ್ರ ಮೇಡಮ್ ಕೈ ಊರಿದ ಕೂಡ್ಲೇ ಹೊಳ್ಳತದ. ಆಕಿ ಕಾಲ ಮುರೀತದ."

ಪ್ರೊಫೆಸರ್ ಕಾಲು ಮುರಿಯುತ್ತದೆ ಎಂದ ತಕ್ಷಣ ಜೈತುನಬೀ ಕಿವಿ ಮುಚ್ಚಿಕೊಂಡರು. ಮಾಸ್ತರರ ಕಣ್ಣ ಮುಂದೆಯೂ ಫರ್ಹತ ಕುಂಟುತ್ತ ಕಾರು ಹತ್ತುವ ಚಿತ್ರ ಬಂತು.

"ಹಂಗಾರ ಏನ್ ಮಾಡೂದು?"

"ಬೋರಲ ಹಾಕಿ ಬೆನ್ನ ಸಪಾಟ ಮಾಡಿದ್ರ ಆತು. ನಾವು ಎಲ್ಲಾ ಹಾಸಗಲ್ಲಿಗೂ ಹಂಗ ಮಾಡ್ತೀವಿ. ಜನ ನೋಡೂದು ಮಾರಿ. ಬೆನ್ನ ಯಾರು ನೋಡ್ತಾರ?"

ಮುಖ ನೋಡಿ ಮಣೆ ಹಾಕುವುದು ಲೋಕದ ರೂಢಿ. ಮಾಸ್ತರರು ಅದಕ್ಕೆ ಹೊರತೇ? ಜೈತುನಬೀ ಒಳಗಿನಿಂದ ಎರಡು ಕೌದಿ ತಂದು ಹಾಸಿದರು. ಕಲ್ಲನ್ನು ಮೆಲ್ಲಗೆ, ನಿದ್ದೆ ಹೋದ ಮಗುವನ್ನು ಮಲಗಿಸಿದ ಹಾಗೆ, ಬೋರಲು ಮಲಗಿಸಿದರು. ಅದರ ಬೆನ್ನು ವರ್ಷಗಟ್ಟಲೆಯ ಸಬಕಾರದ ನೊರೆ, ಕೆಸರು, ಪಾಚಿ ಮೆತ್ತಿಕೊಂಡು ಕರ್ರಗೆ ಕಾಣುತ್ತಿತ್ತು. ಅಂಗಳದ ಇಳಿಜಾರಿಗೆ ಜಾರದಿರಲೆಂದು ಮಾಸ್ತರರು ಒಂದು ಮೂಲೆಯನ್ನು ಬಲಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರು.

ಅಷ್ಟರಲ್ಲಿ ಎಡಗೈಯಲ್ಲಿದ್ದ ಫೋನ್ ಹೊಡೆಯಿತು. ಫರ್ಹತ.

"ಹಣಮಂತ್ರಾಯ, ಶಹಾಪುರಕ್ಕ ಬಂದೀನಿ. ಮಲಗಿದ ಬುದ್ಧನ ಗುಡ್ಡದ ಮುಂದ ನಿಂತೀನಿ. ಎಷ್ಟ ಸಲ ನೋಡಿದ್ರೂ ನೋಡಬೇಕು ಅನಸ್ತದ್ರಿ. ನಿಮ್ಮ ಮನಿ ಹೆಂಗ ಬರಬೇಕು?"

"ಬಸ್ ಸ್ಟ್ಯಾಂಡ್ ದಾಟಿ ಎಡಕ್ಕ ಬರ್ರಿ..."

"ಸರ್, ಹೊಡೀಲೇನ್ರಿ?" ಎಂದು ಜೈಭೀಮ ಉಳಿ ಎತ್ತಿಕೊಂಡ.

ಮಾಸ್ತರರು ಫೋನನ್ನು ಎದೆಗೊತ್ತಿಕೊಂಡು ಪಿಸುಗುಟ್ಟಿದರು: "ಹೊಡಿ. ಬೆನ್ನ ಏನರ ಮಾಡ್ಕೋ. ಮಾರಿಗಿ ಮಾತ್ರ ಪೆಟ್ಟು ಬೀಳಬಾರ್ದು."

"ಕೈ ತಗೀರಿ ಮತ್ತ."

"ತಗದ್ರ ಕಲ್ಲು ಜಾರ್ತದ. ನನ್ನ ಕೈ ಇದ್ದಷ್ಟು ಬಿಟ್ಟು ಉಳದದ್ದು ಹೊಡಿ."

ಟಕ್ ಟಕ್ ಟಕ್. ಚಕ್ಕೆಗಳು ಹಾರತೊಡಗಿದವು. ಫರ್ಹತ ಆ ಕಡೆಯಿಂದ, "ಅದೇನ್ರಿ ಸಪ್ಪಳ?" ಎಂದು ಕೇಳಿದರು. "ಏನಿಲ್ಲ ಮೇಡಮ್, ನೀವು ಬರ್ತೀರಂತ ತಯಾರಿ" ಎಂದರು ಮಾಸ್ತರರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಜೈಭೀಮನ ಕೆಲಸವೆಂದರೆ ಕೆಲಸ. ಅರ್ಧಕ್ಕೆ ಬಿಡುವವನಲ್ಲ. ಬೆನ್ನು ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಸಪಾಟಾಯಿತು. ಹೊಳ್ಳಿಸಿ ಇಟ್ಟಂಗಿಯ ಮೇಲಿಟ್ಟರೆ ಕಲ್ಲು ಅಲುಗಾಡದೆ ಕೂತಿತು. ಮೇಲಿನ ಮಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಾಸ್ತರರು ನೆಮ್ಮದಿಯ ಉಸಿರು ಬಿಟ್ಟರು. ಏಜಾಜ ಗೆರೆಗಳು ಎದ್ದು ಕಾಣಲೆಂದು ಅದರೊಳಗೆ ಸುಣ್ಣ ತುಂಬಲು ಹೊರಟಿದ್ದ. ಅವನ ಕೈಯಿಂದ ಡಬ್ಬಿ ಕಸಿದುಕೊಂಡು ಬೈದರು.

ಬೈಸಿಕೊಂಡವನು ಸುಮ್ಮನೆ ನಿಲ್ಲಲಿಲ್ಲ. ಗೇಟಿನ ಮುಂದೆ ಮಳೆಗಾಲದಲ್ಲಿ ಬಿದ್ದಿದ್ದ ತಗ್ಗು ಅವನ ಕಣ್ಣಿಗೆ ಬಿತ್ತು. "ಸರ್, ಮೇಡಮ್ ಕಾರಿನ ಹೊಟ್ಟಿ ಬಡೀತದ" ಎಂದ. ಚಕ್ಕೆಗಳನ್ನೆಲ್ಲ ಬಳಿದು ಪುಟ್ಟಿಯಲ್ಲಿ ತುಂಬಿ ತಗ್ಗಿಗೆ ಹಾಕಿದರು. ಜೈಭೀಮ ನೀರು ಹೊಯ್ದು, ದೊಡ್ಡ ಕಟ್ಟಿಗೆಯ ಕೊರಡಿನಿಂದ ಕುಟ್ಟಿ ಪುಡಿ ಮಾಡಿ ಗಟ್ಟಿ ಮಾಡಿದ. ಎಲ್ಲ ಸಪಾಟಾಗಿದೆಯೇ ಎಂದು ಮಾಸ್ತರರೂ ಅದರ ಮೇಲೆ ಎರಡು ಸಲ ಜಿಗಿದು ನೋಡಿದರು.

ಫರ್ಹತರ ಕಾರು ಅದರ ಮೇಲೆಯೇ ಬಂದು ನಿಂತಿತು. ಕಣ್ಣಿಗೆ ಕನ್ನಡಕ, ಕಾಲಿಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ತಲೆಗೂದಲು ಬೆಳ್ಳಗಾಗಿತ್ತು. ನಗು ಮಾತ್ರ ಅದೇ. 'ಬರ್ರಿ ಫರ್ಹತ' ಎನ್ನಬೇಕೆಂದು ಮಾಸ್ತರರು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದರು. ಬಾಯಿಂದ ಹೊರಟದ್ದು "ಬರ್ರಿ ಮೇಡಮ್".

"ಯಾರಿಗರ ಆರಾಮಿಲ್ಲೇನ್ರಿ? ದವಾಖಾನಿ ವಾಸನಿ ಬರಾಕತ್ತದ" ಎಂದರು ಫರ್ಹತ.

"ಅದು ನಾನs ರೀ" ಎಂದರು ಮಾಸ್ತರರು.

ಜೈತುನಬೀ ಸುಸಲಾ, ಮಿರ್ಚಿ ಭಜಿ, ಚಹಾ ಎಲ್ಲ ತಂದಿಟ್ಟರು. ಫರ್ಹತ ಒಂದು ಭಜಿ ಬಾಯಿಗೆ ಹಾಕಿಕೊಂಡು ಸೀದಾ ಕಲ್ಲಿನ ಕಡೆ ನಡೆದರು. ಓಣಿಯ ಅರ್ಧ ಜನ ಅಂಗಳದಲ್ಲಿದ್ದರು. ಆಕೆ ಕಲ್ಲಿಗೆ ನೀರು ಚಿಮುಕಿಸಿದರು, ಬಗ್ಗಿದರು, ಟಾರ್ಚನ್ನು ಓರೆಯಾಗಿ ಹಿಡಿದರು, ಭೂತಗನ್ನಡಿಯಲ್ಲಿ ಒಂದೊಂದು ಗೆರೆಯನ್ನೂ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರು. ಮಾಸ್ತರರ ಎದೆ ಫಲಿತಾಂಶದ ದಿನದ ಹುಡುಗನ ಎದೆಯಂತೆ ಬಡಿದುಕೊಳ್ಳುತ್ತಿತ್ತು.

ಕೊನೆಗೆ ಆಕೆ ನೆಟ್ಟಗೆ ನಿಂತರು. ಧ್ವನಿ ಮೆತ್ತಗಿತ್ತು.

"ಹಣಮಂತ್ರಾಯ, ಇದು ಹುಳ ಅಲ್ರಿ."

ಆಕೆ ಮತ್ತೆ ಬಗ್ಗಿ ಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡ್ರಿ. ಈ ಗೆರಿ ಎಲ್ಲಾ ಅಲಿ ನಡುವಿನ ತಗ್ಗಿನ್ಯಾಗ ಅಷ್ಟ ಅದಾವು. ಒಂದರ ಏರು ದಾಟ್ಯಾದೇನು? ಹುಳ ತಿನ್ನಾಕ ಹೊಂಟ್ರ ಏರು ನೋಡಂಗಿಲ್ಲ, ತಗ್ಗು ನೋಡಂಗಿಲ್ಲ, ದಾಟಿಕೊಂಡ ಹೋಗ್ತದ. ಮತ್ತ ತುದಿ ನೋಡ್ರಿ, ಸೂಜಿ ಹಂಗ ಸಣ್ಣ ಆಗಿ ಮುಗದದ. ಹುಳದ ಮೈ ದಪ್ಪ ನಡಬರಕ ಬದಲಾಗಂಗಿಲ್ಲ. ಇದು ತಗ್ಗಿನ್ಯಾಗ ನಿಂತ ರಾಡಿ ಒಣಗಿ ಬಿರಕ ಬಿಟ್ಟದ್ದು. ಭಾಳ ಮಂದಿ ಮೋಸ ಹೋಗ್ಯಾರ್ರಿ ಇದಕ್ಕ, ನೀವೊಬ್ರೇ ಅಲ್ಲ."

"ನಾ ಹೇಳಿದ್ದಿಲ್ಲೇನು?" ಎಂದು ಜೈತುನಬೀ ಸೆರಗು ಸರಿಮಾಡಿಕೊಂಡರು. "ನನ್ನ ಕಲ್ಲಿನ್ಯಾಗ ಹುಳಾ ಇರೂದು ಸಾಧ್ಯನೇ ಇಲ್ಲ."

ಮಾಸ್ತರರಿಗೆ ಅಳು ಬಂದ ಹಾಗಾಯಿತು. ಬಿರುಕಿಗಾಗಿ ಮೊಣಕಾಲು ಸುಟ್ಟುಕೊಂಡೆನಲ್ಲ ಎಂದಲ್ಲ. ಬೆಳಗಿನ ಆ ಓರೆ ಬಿಸಿಲಿನಲ್ಲಿ ತನ್ನ ಕಣ್ಣು ತನಗೇ ಸುಳ್ಳು ಹೇಳಿತಲ್ಲ ಎಂದು. ಸೋದರಮಾವ ಹೇಳಿದ್ದೇ ಸರಿಯಿತ್ತೇನೋ ಅನ್ನಿಸಿತು.

ಫರ್ಹತರಿಗೆ ಅವರ ಮುಖ ನೋಡಿ ಕನಿಕರ ಬಂತು. ಆ ಕನಿಕರವೇ ಮುಂದಿನ ಅನಾಹುತಕ್ಕೆ ದಾರಿಯಾಯಿತು.

"ಹಿಂಗ ಸಪ್ಪಗ ಆಗಬ್ಯಾಡ್ರಿ. ನಮ್ಮ ಸರ್ ಪ್ರಾಕ್ಟಿಕಲ್‌ನ್ಯಾಗ ಏನ್ ಹೇಳ್ತಿದ್ರು, ನೆನಪದ ಇಲ್ಲ? ಮರಳುಗಲ್ಲಿನ ಮಾರಿ ನೋಡಿ ಬಿಡಬ್ಯಾಡ್ರಿ, ಬೆನ್ನ ನೋಡ್ರಿ ಅಂತಿದ್ರು. ಹುಳ ಹರಿಯೂದು ಕೆಸರಿನ ಮ್ಯಾಲ. ಆ ಗೆರ್ಯಾಗ ಮ್ಯಾಲಿಂದ ಮರಳು ತುಂಬ್ತದ. ಮರಳು ಕಲ್ಲಾಗ್ತದ, ಕೆಸರು ತೊಳಕೊಂಡ ಹೋಗ್ತದ. ಹುಳದ ದಾರಿ ಕಲ್ಲಿನ ಹೊಟ್ಟಿಗಿ ಹಗ್ಗ ಅಂಟಿಸಿದಂಗ ಉಬ್ಬಿ ಉಳೀತದ. ಹೆಂಗೂ ಬಂದೀನಿ, ಒಂದ ಸಲ ಹೊಳ್ಳಿಸಿ ನೋಡೂಣು."

ಮಾಸ್ತರರಿಗೆ ನೆನಪಿತ್ತು. ಅವರು ಓದಿದ್ದೇ ಅದು, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡದ್ದೂ ಅದೇ. ಮಳೆ ನಿಂತ ಮೇಲೆ ಕೊಡೆ ಸಿಕ್ಕ ಹಾಗೆ ಎಲ್ಲ ಈಗ ನೆನಪಿಗೆ ಬಂತು. 'ಭಾಳ ಉಬ್ಬು ತಗ್ಗು ಅದ' ಎಂದು ಜೈಭೀಮ ಹೇಳಿದ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು.

"ಬ್ಯಾಡ್ರಿ ಮೇಡಮ್. ಭಾಳ ಭಾರ ಅದ."

"ಇಷ್ಟ ಮಂದಿ ಅದಾರಲ್ರಿ."

"ಚಾ ಆರತದ. ನಿಮಗ ಹೊತ್ತಾಗ್ತದ. ಬೆನ್ನಿಗಿ ಬರೇ ರಾಡಿ ಮೆತ್ತಿತ್ತು..."

"ಸರ್, ನೋಡ್ಲಿ ಬಿಡ್ರಿ!" ಎಂದು ಜೈಭೀಮ ಮುಂದೆ ಬಂದ. ತನ್ನ ಕೈಕೆಲಸ ತೋರಿಸಲು ಅವನಿಗೆ ಇದಕ್ಕಿಂತ ದೊಡ್ಡ ಅವಕಾಶ ಯಾವಾಗ ಸಿಗಬೇಕು? "ಮೇಡಮ್, ಹಂತಾ ಬೆನ್ನ ನೀವು ಎಲ್ಲಿಯೂ ನೋಡಿರಂಗಿಲ್ಲ."

ಹೊಳ್ಳಿಸಿದರು. ಬೆನ್ನು ಉಳಿಯಿಂದ ಹೊಸದಾಗಿ ಟಾಕಿ ಹಾಕಿದ ಬೀಸುಕಲ್ಲಿನಂತೆ ಬೆಳ್ಳಗೆ, ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತಿತ್ತು. ಫರ್ಹತ ಕೈಯಿಂದ ಸವರುತ್ತ ಸವರುತ್ತ ಹೋದವರು ಮೂಲೆಗೆ ಬಂದು ನಿಂತರು. ಅಲ್ಲಿ ಒಂದು ಅಂಗೈ ಅಗಲದ ಜಾಗಕ್ಕೆ ಉಳಿ ತಾಗಿರಲಿಲ್ಲ. ಕರ್ರಗಿನ ಕೆಸರು ಹಾಗೇ ಇತ್ತು. ಸೆರಗಿನ ತುದಿಯನ್ನೇ ಒದ್ದೆ ಮಾಡಿ ಉಜ್ಜಿದರು. ಕೆಸರು ಬಿಟ್ಟುಕೊಂಡಿತು.

ಎರಡು ಸಣ್ಣ ಉಬ್ಬು ದಾರಗಳು. ಒಂದೇ ದಪ್ಪ. ಒಂದು ಇನ್ನೊಂದರ ಮೇಲೆ ಹಾದು, ಬಳುಕಿ, ಹೊರಳಿ, ಉಳಿಯ ಗುರುತು ಶುರುವಾಗುವಲ್ಲಿ ತಟ್ಟನೆ ಮುಗಿದಿದ್ದವು.

"ಹಣಮಂತ್ರಾಯ!" ಫರ್ಹತ ಭೂತಗನ್ನಡಿ ಹಿಡಿದು ಬಗ್ಗಿದರು. "ಇದು... ಇದು ಹುಳದ ದಾರಿ ಇದ್ದಂಗ ಅದಲ್ರೀ! ದಾಟ್ಯಾದ ನೋಡ್ರಿ, ಒಂದರ ಮ್ಯಾಲ ಒಂದು! ಉಳದದ್ದು ಎಲ್ಲಿ? ಬೆನ್ನ ತುಂಬ ಹಿಂಗ ಇತ್ತೇನು?"

"ತುಂಬೇ ಇತ್ರೀ ಮೇಡಮ್" ಎಂದ ಜೈಭೀಮ ಹೆಮ್ಮೆಯಿಂದ. "ಹಗ್ಗದ ಜಾಳಿಗಿ ಹಾಸಿದಂಗ ಇತ್ತು. ಒಂದೂ ಬಿಡದಂಗ ತಗದೀನಿ. ಅಲ್ಲಿ ಅಷ್ಟ ಸರ್ ಕೈ ತಗೀಲಿಲ್ಲ."

"ಚಕ್ಕಿ ಎಲ್ಲಿ ಹಾಕೀರಿ?"

ಅಂಗಳದಲ್ಲಿದ್ದ ಎಲ್ಲರೂ ಒಟ್ಟಿಗೆ ಗೇಟಿನ ಕಡೆ ತಿರುಗಿದರು. ಫರ್ಹತರ ಕಾರಿನ ಮುಂದಿನ ಗಾಲಿ ಅದರ ಮೇಲೆ ನೆಮ್ಮದಿಯಾಗಿ ನಿಂತಿತ್ತು. ಕಾರು ಸರಿಸಿ ಅಗೆದು ನೋಡಿದರು. ಕೈಗೆ ಸಿಕ್ಕದ್ದು ಗೊಜ್ಜಿನಂಥ ರಾಡಿ.

ಫರ್ಹತ ಜೈತುನಬೀಯ ಕಡೆ ತಿರುಗಿದರು. "ಖಾಲಾ, ಈ ಕಲ್ಲು ಯಾವ ಗುಡ್ಡದಿಂದ ತಂದದ್ರಿ? ಅಲ್ಲಿ ಇನ್ನೂ ಇರಬಹುದು."

"ಅವರು ಬಂಡ್ಯಾಗ ಹೇರಿಕೊಂಡ ಬಂದು, ನಿನಗ ತಂದೀನಿ ಅಂದ್ರಮ್ಮ. ನನಗ ತಂದ್ರು ಅನ್ನೂ ಖುಷ್ಯಾಗ ಎಲ್ಲಿಂದ ಅಂತ ನಾ ಕೇಳಲೇ ಇಲ್ಲ" ಎಂದರು ಜೈತುನಬೀ. ಹೇಳುವಾಗ ಆಕೆಯ ಮುಖದಲ್ಲಿ ಒಂದು ಹಳೆಯ ನಾಚಿಕೆ ಬಂದು ಹೋಯಿತು.

ಫರ್ಹತ ಕಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತರು. ನಗಬೇಕೋ ಅಳಬೇಕೋ ಎಂದು ಅವರಿಗೂ ತಿಳಿದಂತಿರಲಿಲ್ಲ. "ಏನ್ ಹೇಳ್ಲಿ ಹಣಮಂತ್ರಾಯ? ನೀವು ನೋಡಿದ್ದು ಸುಳ್ಳು. ನೋಡಲಾರದ್ದು ಖರೆ."

ಮಾಸ್ತರರು ತಮ್ಮ ಬಲಗೈಯನ್ನು ನೋಡಿಕೊಂಡರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಕೈಯ ಕೆಳಗೆ ಇದ್ದದ್ದೇ ಕಣ್ಣಿಗೆ ಬಂದಿರಲಿಲ್ಲ.

"ಇಷ್ಟರ ಮ್ಯಾಲ ಹುಳ ಅಂತ ಗಟ್ಟಿ ಹೇಳಾಕ ಬರಂಗಿಲ್ಲ. 'ಇರಬಹುದು' ಅಂತ ಬರೀತೀನಿ, ಅಷ್ಟ" ಎಂದರು ಫರ್ಹತ, ಕ್ಯಾಮೆರಾ ತೆಗೆಯುತ್ತ. "ಕಲ್ಲಿಗಿ ಒಂದ ಹೆಸರು ಬೇಕು. ಯಾರ ಕಲ್ಲಿದು?"

"ನಂದು" ಎಂದರು ಜೈತುನಬೀ. "ಕಲ್ಲಿಗಿ ನನ್ನ ಹೆಸರ ಇಡು ಮಾ. ಹುಳಕ್ಕ ಮಾತ್ರ ಇಡಬ್ಯಾಡ."

"ಆತ್ರಿ, ಜೈತುನಬೀ ಕಲ್ಲು. ಕಂಡು ಹಿಡಿದವ್ರು ಅಂತ ನಿಮ್ಮ ಹೆಸರು ಹಾಕ್ಲಿ, ಹಣಮಂತ್ರಾಯ?"

ಮಾಸ್ತರರ ಎದೆ ಒಂದು ಸಲ ಎದ್ದು ನಿಂತಿತು.

"ಆದ್ರ ಒಂದ ಮಾತು. ಉಳದ ಭಾಗ ಏನಾತು ಅನ್ನೂದೂ ಬರೀಬೇಕಾಗ್ತದ. ನೀವು ಕಲ್ಲು ಹಿಡಕೊಂಡು ನಿಂತು, ಹೊಡಿ ಅಂತ ಹೇಳಿ ಕೆತ್ತಿಸಿದ್ದು ಅಂತ."

ಸ್ಟಾಫ್ ರೂಮು, ಹೆಡ್‌ಮಾಸ್ತರರು, ಹತ್ತನೇ ಕ್ಲಾಸಿನ ಹಿಂದಿನ ಬೆಂಚು, ಎಲ್ಲ ಮಾಸ್ತರರ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಎಲ್ಲರೂ ನಗುತ್ತಿದ್ದರು. ಎದ್ದ ಎದೆ ಮತ್ತೆ ಕೂತಿತು.

"ಬ್ಯಾಡ್ರಿ" ಎಂದರು ಸಣ್ಣಗೆ.

ಫರ್ಹತ ತಲೆಯಾಡಿಸಿದರು. ಬ್ಯಾಗಿನಲ್ಲಿ ಅಳತೆಯ ಪಟ್ಟಿ ಹುಡುಕಿದರು. ಅದು ಯಾದಗಿರಿಯಲ್ಲೇ ಉಳಿದಿತ್ತು. "ಫೋಟೋದಾಗ ಅಳತಿಗಿ ಏನರ ಇಡಬೇಕಲ್ರಿ. ಹಣಮಂತ್ರಾಯ, ನಿಮ್ಮ ಕೈ ಇಡ್ರಿ. ಹಾಂ, ಅಲ್ಲೇ, ಬಾಜೂಕ. ಅಲುಗಾಡಬ್ಯಾಡ್ರಿ."

ಮಾಸ್ತರರು ಫಿನೈಲ್ ವಾಸನೆಯ ಬಲಗೈಯನ್ನು ಆ ಎರಡು ದಾರಗಳ ಪಕ್ಕದಲ್ಲಿ ಇಟ್ಟರು. ಕ್ಯಾಮೆರಾ ಕ್ಲಿಕ್ಕೆಂದಿತು. ಫರ್ಹತ ಫೋಟೋದ ಅಡಿಗೆ ಬರೆಯಬೇಕಾದ್ದನ್ನು ಮರೆಯದಿರಲೆಂದು ಜೋರಾಗಿ ಹೇಳಿಕೊಳ್ಳುತ್ತ ಮೊಬೈಲಿನಲ್ಲಿ ಹಾಕಿಕೊಂಡರು:

"ಸುರಪುರ, ಜೈತುನಬೀ ಕಲ್ಲು. ಹುಳದ ಜಾಡು ಇರಬಹುದು. ಉಳಿದ ಭಾಗ ನಾಶವಾಗಿದೆ. ಅಳತೆಗೆ: ಮನುಷ್ಯನ ಕೈ."